ಕಪ್ಪತಗುಡ್ಡದ ಬೇರು

"ಯಪ್ಪಾ, ಏನ್ ಧಗಿ ಐತಿ!" ಎಂದು ನೀಲವ್ವ ಹೊದ್ದ ಕೌದಿಯನ್ನು ಒದ್ದು ಎದ್ದು ಕುಳಿತಳು. ಏಕೀಕರಣದ ವರ್ಷದ ಆ ಬಿರುಬೇಸಿಗೆಯಲ್ಲಿ ಹರ್ತಿಯ ಮಂದಿಯೆಲ್ಲ ಬೆವರುತ್ತಿದ್ದರೆ ನಿನ್ನೆಯವರೆಗೂ ಅವಳೊಬ್ಬಳೇ ಚಳಿಯೆಂದು ಮುದುಡಿ ಮಲಗಿದ್ದಳು. ಊಟ ಬೇಡ, ಮಾತು ಬೇಡ, ಈ ಜೀವವೂ ಬೇಡ ಎನ್ನುತ್ತಿದ್ದಳು.

ಕೊರಳೊಳಗಿನ ಗ್ರಂಥಿ ಸೋತರೆ ಮೈ ತಣ್ಣಗಾಗುತ್ತದೆ, ಮನಸ್ಸಿಗೂ ಕತ್ತಲೆ ಕವಿಯುತ್ತದೆ ಎಂದು ಗದಗಿನ ಡಾಕ್ಟರು ಗುಳಿಗೆ ಕೊಟ್ಟಿದ್ದರು. ಅದನ್ನು ಮಾಡಿದ್ದು ಕುರಿಯ ಕೊರಳ ಗ್ರಂಥಿಯಿಂದ. ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ತಾಯಿ ಮುದುಕವ್ವನಿಗೆ ಹೆದರಿ ನೀಲವ್ವನ ಗಂಡ ತಿರಕಪ್ಪ, ಅದು ಕಪ್ಪತಗುಡ್ಡದ ಬೇರಿನ ಔಷಧ ಎಂದು ಸುಳ್ಳು ಹೇಳಿದ್ದ.

ಸೊಸೆಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದ ಮುದುಕವ್ವ ತಟ್ಟನೆ ಮಗನನ್ನು ಕೇಳಿದಳು: "ಖರೆ ಹೇಳಲೇ, ಅದು ಯಾವ ಬೇರು?"

ತಿರಕಪ್ಪ ಕೌದಿ ಮಡಚತೊಡಗಿದ. "ಗುಡ್ಡದ್ದು, ಯವ್ವಾ... ಹೆಸರು ಗೊತ್ತಿಲ್ಲ."

"ಸಣ್ಣಾಕಿದ್ದಾಗಿಂದ ಆ ಗುಡ್ಡದಾಗ ಬೇರು ಕಿತ್ತಾಕಿ ನಾನು. ಯಾವ ಬೇರೂ ಕುರಿ ನಾತ ಹೊಡಿಯಂಗಿಲ್ಲ. ಬಾಟ್ಲಿ ಬಿಚ್ಚಿದ ದಿನಾನ ನನಗ ಗೊತ್ತಾತು."

ತಿರಕಪ್ಪ ತಲೆ ತಗ್ಗಿಸಿದ. ಮುದುಕವ್ವನ ಸೆರಗು ಮಾತ್ರ ಬೀಸುತ್ತಲೇ ಇತ್ತು.

"ಶಿವನ ಮುಂದ ನಾ ಮಾತಾಡ್ತೀನಿ. ನೀ ಜಲ್ದಿ ಗದಗಿಗೆ ಹೋಗು, ಗುಳಿಗಿ ತೀರಾಕ ಬಂದಾವು."