ಎಂಟನೆಯ ಪಿಟೀಲು

ವೇದಿಕೆಯ ಮೇಲೆ ಎಂಟು ಪಿಟೀಲುಗಳಿದ್ದವು, ನುಡಿಯುತ್ತಿದ್ದದ್ದು ಏಳು. ತಿಪಟೂರಿನ ಆ ತುಂಬಿದ ಸಭಾಂಗಣದಲ್ಲಿ ಇದು ಗೊತ್ತಾದದ್ದು ಚಿಕ್ಕಗಂಗಮ್ಮನೊಬ್ಬಳಿಗೇ. ಕಣ್ಣು ಮುಚ್ಚಿ ಕೂತಿದ್ದ ಅವಳನ್ನು ನೋಡಿ ಪಕ್ಕದವರು, ಪಾಪ, ಮುದುಕಿಗೆ ನಿದ್ದೆ ಹತ್ತಿತು ಎಂದುಕೊಂಡಿದ್ದರು. ನಿದ್ದೆಯೆಲ್ಲಿ ಬಂತು! ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ನಲವತ್ತು ವರ್ಷ ಹೇಳಿದ ಹೆಂಗಸು ಅವಳು.

ಮೊದಲು ಮೋಹನ ರಾಗದ ಕೃತಿ ನುಡಿಸಿದಾಗ ಎಂಟೂ ಕೇಳಿಸಿದ್ದವು. ಆಮೇಲೆ ಹಳೆಯ ಸಿನಿಮಾ ಹಾಡು ಶುರುವಾಗಿ, ಕೊಳಲು, ತಬಲ, ಕೀಬೋರ್ಡು ಎಲ್ಲ ಸೇರಿ ಓಟ ಕಿತ್ತಾಗ ಒಂದು ಪಿಟೀಲು ಮಾಯ. ಯಾವುದಪ್ಪಾ ಅದು? ಕಣ್ಣು ಬಿಟ್ಟು ಒಂದೊಂದನ್ನೇ ಹುಡುಕುತ್ತ ಬಂದಳು. ಎಂಟನೆಯದು ಸೊಸೆ ಪುಷ್ಪಲತಾಳದು. ಕಮಾನು ಎಲ್ಲರ ಜೊತೆ ಮೇಲೆ ಕೆಳಗೆ ಹೋಗುತ್ತಿತ್ತು, ತಂತಿಗೆ ಮಾತ್ರ ತಾಗುತ್ತಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ವಾದ್ಯವೃಂದದ ಯಜಮಾನ ರಂಗನಾಥ್ ಅತ್ತೆಯ ಎದುರಿಗೇ ಸೊಸೆಯನ್ನು ಹೊಗಳಿದ. ಬರುವ ತಿಂಗಳು ತುಮಕೂರಿನಲ್ಲಿ ಆ ಓಟದ ಭಾಗವನ್ನು ಅವಳೊಬ್ಬಳೇ ನುಡಿಸಬೇಕಂತೆ. ಪುಷ್ಪಲತಾ ಹೂಂ ಎಂದಳು. ಮುಖ ಬಿಳುಚಿಕೊಂಡಿತ್ತು.

ಚಿಕ್ಕಗಂಗಮ್ಮ ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕಾಯಿ ಹರವಿಕೊಂಡು ಕೂತವಳು, ಕಾಫಿ ತಂದ ಸೊಸೆಯನ್ನು ಕೇಳಿಯೇ ಬಿಟ್ಟಳು.

"ಆ ಓಡೋ ಹಾಡಲ್ಲಿ ನಿನ್ನ ಪಿಟೀಲು ಯಾಕೇ ಸುಮ್ಕಾಯ್ತು?"

ಪುಷ್ಪಲತಾ ಲೋಟ ಕೆಳಗಿಟ್ಟಳು. ಯಾರಿಗೂ ತಿಳಿದಿಲ್ಲವೆಂದುಕೊಂಡಿದ್ದಳು ಪಾಪದವಳು. ಆ ವೇಗಕ್ಕೆ ಬೆರಳು ಓಡುವುದಿಲ್ಲ, ಒಂದು ಅಪಸ್ವರ ಬಂದರೂ ಮೂರು ವರ್ಷ ಕಷ್ಟಪಟ್ಟು ಪಡೆದ ಜಾಗ ಹೋಗುತ್ತದೆ ಎಂದು ಅಳುಮುಖ ಮಾಡಿಕೊಂಡು ಹೇಳಿದಳು.

"ತುಮಕೂರಿಗೆ ಬರಲ್ಲ ಅಂತ ಹೇಳ್ಬುಡ್ತೀನಿ ಅತ್ತೆ."

"ಅದಿರ್ಲಿ, ಈಗ ಬಾರಿಸು. ಹೆಂಗೈತೆ ಕೇಳನ."

ಪುಷ್ಪಲತಾ ಪಿಟೀಲು ತಂದು ನುಡಿಸಿದಳು. ಕಷ್ಟದ ಜಾಗ ಬರುತ್ತಲೇ ಕಮಾನು ತಾನಾಗಿ ತಂತಿ ಬಿಟ್ಟು ಮೇಲೆದ್ದಿತು. ಚಿಕ್ಕಗಂಗಮ್ಮ ಬಗ್ಗಿ ಪಿಟೀಲಿಗೆ ಕಿವಿ ಕೊಟ್ಟಳು. ಆಮೇಲೆ ಒಂದು ಕಾಯಿ ತೆಗೆದು ಸೊಸೆಯ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ನೀರು ಗುಳುಗುಳು ಎಂದಿತು. ಅದನ್ನು ಮತ್ತೆ ಅಟ್ಟಕ್ಕೇರಿಸುವ ಮಂಕರಿಗೆ ಹಾಕಿದಳು. ಇನ್ನೊಂದನ್ನು ಅಲ್ಲಾಡಿಸಿದಳು. ಸದ್ದೇ ಇಲ್ಲ.

"ಲೊಡಲೊಡ ಅಂದ್ರೆ ಕೊಬ್ಬರಿ ಆಗೈತೆ ಅಂತ. ಗುಳುಗುಳು ಅಂದಿದ್ದು ಇನ್ನೂ ಆಗಿಲ್ಲ ಅಷ್ಟೇ, ಇನ್ನೊಂದಷ್ಟು ದಿನ ಅಟ್ಟದಲ್ಲಿದ್ರೆ ಆಯ್ತದೆ," ಎಂದಳು. "ಸದ್ದೇ ಮಾಡ್ದಿರೋದು ಒಳಗೇ ಕೊಳ್ತಿರ್ತದೆ ಕಣೇ. ಅದನ್ನ ತಿಪ್ಪೆಗೆ ಎಸಿತೀನಿ."

ಪುಷ್ಪಲತಾ ಆ ಕಷ್ಟದ ಜಾಗವನ್ನೇ ಮತ್ತೆ ಹಿಡಿದಳು. ಈ ಸಲ ಕಮಾನನ್ನು ತಂತಿಗೆ ಒತ್ತಿ ಎಳೆದಳು. ಮೊದಲ ಅಪಸ್ವರ ಬೀದಿಗೂ ಕೇಳಿಸುವಷ್ಟು ಜೋರಾಗಿತ್ತು.