ನಾಲ್ಕನೆಯ ಸಲಹೆ

ಮೂರನೆಯ ಸಲವೂ ಮುಖ್ಯೋಪಾಧ್ಯಾಯ ವಿಜಯರಾಜ ಮಾಸ್ಟ್ರು ಕೆಂಪು ಶಾಯಿಯಲ್ಲಿ ‘ಸಲಹೆ ಒಪ್ಪಿಲ್ಲ’ ಎಂದು ಬರೆಸಿ ನಡಾವಳಿ ಪುಸ್ತಕ ಮುಚ್ಚಿದರು. ಶಾಲಾ ಮಂತ್ರಿಮಂಡಲದ ವಿರೋಧ ಪಕ್ಷದ ನಾಯಕಿ, ಏಳನೆಯ ತರಗತಿಯ ರಿಫಾ, ಎದ್ದು ನಿಂತು ಥ್ಯಾಂಕ್ಯೂ ಹೇಳಿ ಕೂತಳು. ಮೂರು ಸಲವೂ ಸಲಹೆ ಒಂದೇ: ಹುಡುಗಿಯರ ಶೌಚಾಲಯದ ಬೀಗ ಬೆಳಿಗ್ಗೆಯೇ ತೆಗೆದಿಡಬೇಕು.

ಬೀಗದ ಕೈ ಕಚೇರಿಯಲ್ಲಿ ಮಾಸ್ಟ್ರ ಕುರ್ಚಿಯ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ದಸರಾ ರಜೆಯಲ್ಲಿ ಯಾರೋ ಪುಂಡರು ಶೌಚಾಲಯಕ್ಕೆ ನುಗ್ಗಿ ನಲ್ಲಿ, ಪೈಪು ಎಲ್ಲ ಮುರಿದುಹಾಕಿದ್ದರು. ಶಿರ್ತಾಡಿಯಿಂದ ಪ್ಲಂಬರನ್ನು ಕರೆತಂದು, ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲೇ ನಿಂತು ಸರಿ ಮಾಡಿಸಿ, ಆಮೇಲೆ ಬೀಗ ಹಾಕಿದವರು ಇದೇ ಮುಖ್ಯೋಪಾಧ್ಯಾಯರು. ಬೇಕಾದವರು ಬಂದು ಕೇಳಲಿ, ಕೊಡುವುದಿಲ್ಲ ಎಂದವರು ಯಾರು ಎಂಬುದು ಅವರ ವಾದ. ಆದರೆ ಕೇಳಬೇಕಾದದ್ದು ಮೂವರು ಗಂಡಸರು ಕುಳಿತು ಉತ್ತರ ಪತ್ರಿಕೆ ತಿದ್ದುವ ಕೋಣೆಯಲ್ಲಿ. ಅದನ್ನು ಅವರಿಗೆ ಬಿಡಿಸಿ ಹೇಳುವವರು ಯಾರು? ಸಭೆಯ ನಡಾವಳಿ ಬರೆಯುವ ಅನಂತಮತಿ ಟೀಚರಿಗೂ ಬಾಯಿ ಬಂದಿರಲಿಲ್ಲ.

ಮಂತ್ರಿಮಂಡಲವೆಂದರೆ ಸಣ್ಣ ಸಂಗತಿಯೇ? ಜೂನ್‌ನಲ್ಲಿ ಮತಪೆಟ್ಟಿಗೆ ಇಟ್ಟು, ಬೆರಳಿಗೆ ಶಾಯಿ ಹಚ್ಚಿ ಚುನಾವಣೆ ನಡೆದಿತ್ತು. ಪ್ರಮಾಣವಚನವೂ ಆಗಿತ್ತು. ಅಷ್ಟೆಲ್ಲ ಆದ ಮೇಲೆ ನೀರಾವರಿ ಮಂತ್ರಿ ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದ, ಆಹಾರ ಮಂತ್ರಿ ಸಾರಿನ ಬಕೆಟ್ ಹೊರುತ್ತಿದ್ದ. ಉಳಿದದ್ದೆಲ್ಲ ಮಾಸ್ಟ್ರು ಹೇಳಿದಂತೆ. ರಾಜ ಕೆಟ್ಟವನಲ್ಲ, ಆದರೆ ಅದು ರಾಜ್ಯವೇ ಸರಿ.

ರಿಫಾಳ ಅಪ್ಪ ಇಬ್ರಾಹಿಂ ಖಲೀಲ್ ಸೌದಿಯ ರಿಯಾದಿನಲ್ಲಿ, ದೊರೆಯ ಸಲಹಾ ಸಭೆಯ ಸದಸ್ಯರೊಬ್ಬರ ಕಾರು ಓಡಿಸುತ್ತಿದ್ದ. ಶುಕ್ರವಾರ ಫೋನಿನಲ್ಲಿ ಅವಳು ಅತ್ತಾಗ ಅವನು ಸಮಾಧಾನ ಹೇಳಲಿಲ್ಲ, ದೊರೆಯ ಆ ಸಭೆಯ ವಿಷಯ ಹೇಳಿದ. ನೂರೈವತ್ತು ಜನ, ಎಲ್ಲರನ್ನೂ ದೊರೆಯೇ ಆರಿಸುವುದು. ಅವರಲ್ಲಿ ಹೆಂಗಸರೂ ಇದ್ದಾರೆ. ಕೂತು ಚರ್ಚೆ ಮಾಡುತ್ತಾರೆ, ವೋಟು ಹಾಕುತ್ತಾರೆ, ಕಾಗದ ದೊರೆಗೆ ಹೋಗುತ್ತದೆ. ದೊರೆ ಒಪ್ಪಿದರೆ ಆಯಿತು, ಇಲ್ಲದಿದ್ದರೆ ಇಲ್ಲ.

“ಹಾಗಾದ್ರೆ ಅವರು ಅಲ್ಲಿಗೆ ಹೋಗುದು ಯಾಕೆ?” ಎಂದು ರಿಫಾ ಮೂಗು ಒರೆಸಿಕೊಂಡು ಕೇಳಿದಳು.

ಅಪ್ಪ ಹೇಳಿದ, “ನನಗೆ ಗೊತ್ತೇ ಇರ್ಲಿಲ್ಲ ಅಂತ ದೊರೆಗೆ ನಾಳೆ ಹೇಳ್ಲಿಕ್ಕೆ ಆಗಬಾರದಲ್ಲ, ಅದಕ್ಕೆ.”

ನಾಲ್ಕನೆಯ ಶನಿವಾರ ಸಭೆ ಸೇರಿದಾಗ ಪ್ರಧಾನಮಂತ್ರಿ ಮನ್ವಿತ್, ಬೀಗದ ವಿಷಯ ಇನ್ನು ಬೇಡ ಎಂದು ಮೊದಲೇ ಹೇಳಿಬಿಟ್ಟ. ಒಂದೇ ಮಾತನ್ನು ನಾಲ್ಕು ಸಲ ತಂದರೆ ಅದು ಸಲಹೆಯಲ್ಲ, ಹಠ ಎಂದು ಮಾಸ್ಟ್ರೂ ಸೇರಿಸಿದರು. ಆದರೂ ರಿಫಾ ಎದ್ದಳು.

“ಬೀಗದ ವಿಷಯ ಅಲ್ಲ ಸರ್. ನೀರಿನ ಬೆಲ್ ನಿಲ್ಲಿಸ್ಬೇಕು ಅಂತ ಸಲಹೆ.”

ಮಾಸ್ಟ್ರ ಮುಖ ಸಪ್ಪಗಾಯಿತು. ನೀರಿನ ಬೆಲ್ ಅವರ ಹೆಮ್ಮೆ. ದಿನಕ್ಕೆ ಮೂರು ಸಲ ಬೆಲ್ ಹೊಡೆಯುವುದು, ಮಕ್ಕಳೆಲ್ಲ ಬಾಟಲಿ ಎತ್ತಿ ನೀರು ಕುಡಿಯುವುದು. ಮೂಡುಬಿದಿರೆಯಿಂದ ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋಗಿದ್ದರು. ಆ ತುಣುಕು ಕಚೇರಿಯ ಗೋಡೆಯ ಮೇಲೆ ಚೌಕಟ್ಟಿನೊಳಗಿತ್ತು.

“ಅದರಿಂದ ನಿನಗೆಂತ ತೊಂದರೆ ಆಯ್ತು?”

“ನಾವು ಹುಡುಗಿಯರು ಕುಡಿಯುದಿಲ್ಲ ಸರ್. ಕುಡಿದ ಹಾಗೆ ಮಾಡುದು. ಕುಡಿದ್ರೆ ಮತ್ತೆ ಆಫೀಸಿಗೆ ಬಂದು ಕೀ ಕೇಳ್ಬೇಕಲ್ಲ.” ಅವಳು ನಡಾವಳಿ ಪುಸ್ತಕದತ್ತ ಕೈ ತೋರಿಸಿದಳು. “ನೀವು ಒಪ್ಪದಿದ್ರೂ ಪುಸ್ತಕದಲ್ಲಿ ಬರೀಬೇಕು ಸರ್. ನಿಮಗೆ ಗೊತ್ತಿರಲಿ ಅಂತ.”

ಅಷ್ಟರಲ್ಲಿ ಹನ್ನೊಂದು ಗಂಟೆಯಾಯಿತು, ಹೊರಗೆ ನೀರಿನ ಬೆಲ್ ಹೊಡೆಯಿತು. ಅಭ್ಯಾಸಬಲದಿಂದ ಮಂತ್ರಿಗಳೆಲ್ಲ ಬಾಟಲಿ ಎತ್ತಿದರು. ಮನ್ವಿತ್ ಗಟಗಟನೆ ಕುಡಿದ. ಅವನ ಪಕ್ಕದಲ್ಲಿ ಆರನೆಯ ತರಗತಿಯ ವಿಸ್ಮಿತಾ, ಆರೋಗ್ಯ ಮಂತ್ರಿ, ಬಾಟಲಿಯನ್ನು ತುಟಿಗೆ ತಾಗಿಸಿ, ತಲೆ ಹಿಂದಕ್ಕೆ ವಾಲಿಸಿ, ಮತ್ತೆ ಕೆಳಗಿಟ್ಟಳು. ಗಂಟಲು ಅಲುಗಲಿಲ್ಲ.

ಮಾಸ್ಟ್ರು ಅವಳತ್ತ ಕೈ ಚಾಚಿದರು. ಅವಳು ಹೆದರುತ್ತಲೇ ಬಾಟಲಿ ಕೊಟ್ಟಳು. ಬೆಳಿಗ್ಗೆ ಮನೆಯಲ್ಲಿ ತುಂಬಿಸಿದ ನೀರು ಕುತ್ತಿಗೆಯವರೆಗೂ ಹಾಗೆಯೇ ಇತ್ತು. ಆಚೆ ಕೂತಿದ್ದ ಇನ್ನೊಬ್ಬಳು ಮಂತ್ರಿ ಮೋಕ್ಷಿತಾಳ ಬಾಟಲಿಯನ್ನೂ ಎತ್ತಿ ನೋಡಿದರು. ಅದೂ ಅಷ್ಟೇ ಭಾರವಿತ್ತು.

ಅವರಿಗೆ ನಾಚಿಕೆಯಾಯಿತು. ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ ಬೆಳೆಸಿದ ಮನುಷ್ಯ, ದಿನಕ್ಕೆ ಮೂರು ಸಲ ತಾನೇ ನಿಂತು ನೋಡುತ್ತಿದ್ದರೂ ಏನೂ ಕಂಡಿರಲಿಲ್ಲ. ಅನಂತಮತಿ ಟೀಚರ್ ಪೆನ್ನು ಹಿಡಿದು, ಏನೆಂದು ಬರೆಯಲಿ, ಒಪ್ಪಿದೆ ಎಂದೋ ಇಲ್ಲವೆಂದೋ ಎಂದು ಮೆಲ್ಲಗೆ ಕೇಳಿದರು.

“ಗೊತ್ತಾಯ್ತು ಅಂತ ಬರೀರಿ,” ಎಂದರು ಮಾಸ್ಟ್ರು.

ಹಾಗೆಂದು ಎದ್ದು ಹೋಗಿ ಕಚೇರಿಯ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಬಂದರು. ಬೆಳಿಗ್ಗೆ ತೆಗೆಯುವುದು, ಸಂಜೆ ಹಾಕುವುದು ಇನ್ನು ನಿಮ್ಮದೇ ಕೆಲಸ ಎಂದು ಅದನ್ನು ಆರೋಗ್ಯ ಮಂತ್ರಿಯ ಮುಂದೆ ಇಟ್ಟರು.

ರಿಫಾ ಈ ಸಲ ಥ್ಯಾಂಕ್ಯೂ ಹೇಳಲಿಲ್ಲ. ತನ್ನ ಬಾಟಲಿಯ ಮುಚ್ಚಳ ತಿರುಗಿಸಿ, ಮಾಸ್ಟ್ರ ಎದುರಿಗೇ ನಿಂತು, ಒಂದೇ ಉಸಿರಿಗೆ ಅರ್ಧ ಬಾಟಲಿ ನೀರು ಕುಡಿದಳು.