ಕಟೂಂಬಾದಲ್ಲಿ ತೆಗೆದ ಫೋಟೋ

“ಮುಖ ಆ ಕಡೆ,” ಎಂದ ಲಕ್ಷ್ಮೀಶ. “ಕಂಬಿಯ ಹತ್ತಿರ ಹೋಗು. ಇನ್ನೂ ಹತ್ತಿರ.”

ತೇಜಸ್ವಿನಿ ಹೋದಳು. ಕಂಬಿ ಹೊಟ್ಟೆಗೆ ಒತ್ತಿತು. ಅದರಾಚೆ ನೆಲವಿರಲಿಲ್ಲ. ಬ್ಲೂ ಮೌಂಟನ್ಸ್‌ನ ಕಣಿವೆ ಎಲ್ಲೋ ಕೆಳಗೆ, ನೀಲಿ ಹೊಗೆ ಕವಿದುಕೊಂಡು ಮಲಗಿತ್ತು. ಬೆನ್ನ ಹಿಂದೆ ಅವನ ಹೆಜ್ಜೆ ಸಪ್ಪಳ ಹತ್ತಿರವಾಯಿತು. ಅವಳು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಳು.

“ಕೈ ತೆಗಿ. ಹೆದರಿದ ಹಾಗೆ ಕಾಣುತ್ತೆ.”

ತೆಗೆದಳು.

“ಕೂದಲು ಬಿಚ್ಚು.”

ಬಿಚ್ಚಿದಳು. ಸೊಂಟದವರೆಗಿದ್ದ ಕೂದಲನ್ನು ಭುಜದ ಮಟ್ಟಕ್ಕೆ ಕತ್ತರಿಸಿಕೊಂಡದ್ದೂ ಅವನ ಮಾತಿಗೇ. ಮೈಮೇಲಿದ್ದ ಮರೂನ್ ಜಾಕೆಟ್ಟನ್ನೂ ಅವನೇ ಕಾರಿನಿಂದ ತೆಗೆದುಕೊಟ್ಟಿದ್ದ. ಅದು ಭುಜದಲ್ಲಿ ಸಡಿಲ. ಒಳಗಿನಿಂದ ಪಿನ್ನು ಹಾಕಿ ಹಿಡಿಸಿಕೊಂಡಿದ್ದಳು.

ಫೋಟೋ ಮೈಸೂರಿಗೆ ಹೋಗಬೇಕಿತ್ತು, ಅಮ್ಮನಿಗೆ. ವೇದಾವತಿ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಸುತ್ತ ನೀರಿರುವ ಈ ದೇಶದ ನಕ್ಷೆಯನ್ನು ಕಣ್ಣು ಮುಚ್ಚಿಕೊಂಡೇ ಬೋರ್ಡಿನ ಮೇಲೆ ಬಿಡಿಸುತ್ತಿದ್ದಳು. ಬಂದು ನೋಡುವ ಯೋಗ ಮಾತ್ರ ಬರಲಿಲ್ಲ. ಮಗಳು ನೋಡಿದರೆ ತಾನೇ ನೋಡಿದ ಹಾಗೆ ಎನ್ನುತ್ತಿದ್ದಳು. ಎದೆಯ ಆಪರೇಷನ್ ಆದಮೇಲೆ ಆ ಆಸೆ ಹಟವಾಯಿತು. ಬಾಂಡೈ ಕಡಲತೀರ, ಗ್ರೇಟ್ ಓಷನ್ ರೋಡು, ಅಲೆ ಕೊರೆದ ಟ್ವೆಲ್ವ್ ಅಪೊಸಲ್ಸ್ ಬಂಡೆಗಳು, ಒಂದೊಂದರದೂ ಫೋಟೋ ಬರಬೇಕು. ಫೋಟೋದಲ್ಲಿ ಮಗಳಿರಬೇಕು.

ಇರುತ್ತಿದ್ದಳು. ಬೆನ್ನು ಮಾತ್ರ.

ಮುಖ ನೋಡಿದರೆ ಅಮ್ಮನಿಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ಆಘಾತದ ಸುದ್ದಿ ಯಾವುದೂ ಅವಳ ಕಿವಿಗೆ ಬೀಳಕೂಡದೆಂದು ಡಾಕ್ಟರು ಹೇಳಿದ್ದರು. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಹೇಳೋಣ ಎಂದುಕೊಂಡಿದ್ದರು ಇಬ್ಬರೂ. ಆ ಆಮೇಲೆ ಬಂದೇ ಇರಲಿಲ್ಲ. ಈಗ ಹೇಳಿದರೆ ಇಷ್ಟು ತಿಂಗಳ ಸುಳ್ಳೂ ಸೇರಿ ಅಮ್ಮ ಉಳಿಯುವಂತಿರಲಿಲ್ಲ.

ಅವನು ಸಿಡ್ನಿಯ ರೌಸ್ ಹಿಲ್ಲಿನಲ್ಲಿ, ಅವಳು ಮೆಲ್ಬರ್ನಿನಲ್ಲಿ. ಅವನ ಫೋನು ಬಂದರೆ ಅವಳು ವಿಮಾನ ಹತ್ತಿ ಬರುವಳು. ಮನೆಯಲ್ಲಿ ಬೇರೆ ಬೇರೆ ಕೋಣೆ. ಊಟದ ಮೇಜಿನಲ್ಲಿ ಮಾತಿಲ್ಲ. ದೊಡ್ಡ ಕೋಣೆಯ ಬಾಗಿಲನ್ನು ಅವನು ತೆರೆದಿಡುತ್ತಿರಲಿಲ್ಲ, ಅವಳೂ ತಟ್ಟುತ್ತಿರಲಿಲ್ಲ. ಈಚೆಗೆ ಮೆಲ್ಬರ್ನಿನ ಟ್ರಾಮಿನಲ್ಲಿ ನಿಂತಾಗಲೂ, ಹಿಂದಿನಿಂದ ತಾನು ಹೇಗೆ ಕಾಣುತ್ತಿರಬಹುದು ಎಂದೇ ಯೋಚನೆ. ತನಗೊಂದು ಮುಖವಿದೆ ಎನ್ನುವುದೇ ಮರೆತುಹೋಗುತ್ತಿತ್ತು.

“ಕನ್ನಡದಾವ್ರೇನ್ರೀ?”

ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬೂಟು ಹಾಕಿದ ಹೆಂಗಸೊಬ್ಬರು ನಗುತ್ತ ಬಂದರು. “ಧಾರವಾಡದಾಕಿ ನಾ, ಮಗನ ಮನಿಗೆ ಬಂದೀನಿ. ಏನ್ರೀ ಸಾಹೇಬ್ರ, ಹೇಣ್ತಿ ಬೆನ್ನಿನ ಫೋಟೋ ಯಾರರೆ ತಗೀತಾರೇನ್ರೀ? ಮಾರಿ ಎಷ್ಟ್ ಚಂದ ಐತಿ! ಕೊಡ್ರಿಲ್ಲೆ ಫೋನು. ಇಬ್ರೂ ಜೋಡಿ ನಿಂದರ್ರಿ.”

“ಬೇಡ ಆಂಟಿ.”

ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಲಕ್ಷ್ಮೀಶ ದೂರ ಸರಿದು ನಿಂತ.

“ಅಯ್ಯ, ಜಗಳ ಆಡೀರೇನು? ಜಗಳ ಆಡಾಕ ಜಾಗಾನರ ಚಲೋದು ಹುಡುಕೀರಿ ಬಿಡ್ರಿ!” ಅವರು ಕಣಿವೆಯಂಚಿನಲ್ಲಿ ಸಾಲಾಗಿ ನಿಂತಿದ್ದ ಬಂಡೆಗಳ ಕಡೆ ಕೈ ತೋರಿಸಿದರು. “ಅವು ಮೂರೂ ಅಕ್ಕ-ತಂಗೇರಂತ. ಕಲ್ಲಾದ್ರೂ ಒಂದನ್ನೊಂದು ಬಿಟ್ಟಿಲ್ಲ, ನೋಡ್ರಿ.”

ಬಂದಾಗಿನಿಂದ ಆ ಬಂಡೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ್ದ ತೇಜಸ್ವಿನಿ ಈಗಲೂ ತಲೆ ಎತ್ತಲಿಲ್ಲ. ಆಂಟಿ ಗೊಣಗುತ್ತ ಹೊರಟುಹೋದರು.

ಲಕ್ಷ್ಮೀಶ ಬೆಂಚಿನ ಮೇಲೆ ಕೂತು, ಗಾಜು ಬಿರುಕು ಬಿಟ್ಟಿದ್ದ ಫೋನೊಂದನ್ನು ಒಳಜೇಬಿನಿಂದ ತೆಗೆದ. ಅಮ್ಮನಿಗೆ ಮೆಸೇಜು ಬರೆಯುವುದು ಯಾವಾಗಲೂ ಅವನೇ, ಮಗಳು ಬರೆದ ಹಾಗೆ. ಆ ಫೋನನ್ನು ಅವಳ ಕೈಗೆ ಕೊಡುತ್ತಲೇ ಇರಲಿಲ್ಲ. ಬರೆದು ಓದಿದ.

“‘ಗಂಟಲು ಇನ್ನೂ ಸರಿಹೋಗಿಲ್ಲಮ್ಮ, ಮಾತಾಡೋಕಾಗಲ್ಲ. ಇವರು ಇವತ್ತು ಕಟೂಂಬಾಕ್ಕೆ ಕರ್ಕೊಂಡು ಬಂದಿದಾರೆ. ತುಂಬಾ ಖುಷಿಯಾಗಿದೀನಿ.’ ಸರೀನಾ?”

“ನಗೋ ಇಮೋಜಿ ಹಾಕಿ. ಒಂದಲ್ಲ, ಎರಡು.”

ಹಾಕಿದ.

“ಮುಂಚೆಯೆಲ್ಲಾ ‘ಮುಖ ತೋರಿಸೇ’ ಅಂತಿದ್ರು ಅಮ್ಮ,” ಎಂದಳು. “ಈಗ ಕೇಳ್ತಾನೇ ಇಲ್ಲ. ನಂಗೆ ಭಯ ಆಗುತ್ತೆ.”

“ನಂಬಿದಾರೆ, ಅದಕ್ಕೇ.”

“ನನ್ ಕೈಲಿ ಇನ್ನಾಗಲ್ಲ.”

“ಹಾಗಾದ್ರೆ ನೀನೇ ಫೋನ್ ಮಾಡಿ ಹೇಳು. ಅತ್ತೆಗೆ ಏನಾದ್ರೂ ಆದ್ರೆ ಆಮೇಲೆ ನನ್ನ ಕೇಳ್ಬೇಡ.” ಅವನ ಕಣ್ಣು ಕೆಂಪಗಿತ್ತು. “ಮುಂದಿನ ತಿಂಗಳು ಟ್ಯಾಸ್ಮೇನಿಯಾ. ಬುಕ್ ಮಾಡಿದೀನಿ.”

ಟ್ಯಾಸ್ಮೇನಿಯಾ ಆದಮೇಲೆ ಇನ್ನೊಂದು ಊರು, ಅದಾದಮೇಲೆ ಮತ್ತೊಂದು. ಈ ದೇಶದಲ್ಲಿ ಚೆಂದದ ಜಾಗಗಳಿಗೆ ಕೊನೆಯೇ ಇರಲಿಲ್ಲ.

ಫೋಟೋ ಹೋಯಿತು. ಎರಡು ನೀಲಿ ಟಿಕ್ಕುಗಳು ಮೂಡಿದವು, ಅಮ್ಮ ನೋಡಿದ್ದಳು. ಬೇರೆ ದಿನವಾದರೆ ಕೂಡಲೇ ಉತ್ತರ ಬರುತ್ತಿತ್ತು. ಕಣಿವೆಯ ಆ ನೀಲಿ ಬಣ್ಣ ನೀಲಗಿರಿ ಮರದ ಎಣ್ಣೆಯದು, ಹಾಗೆ, ಹೀಗೆ, ಒಂದು ಪೀರಿಯಡ್ಡಿನಷ್ಟು ಪಾಠ. ಇವತ್ತು ಏನೂ ಬರಲಿಲ್ಲ. ಇಬ್ಬರೂ ಆ ಬಿರುಕು ಗಾಜನ್ನೇ ನೋಡುತ್ತ ಕೂತರು.

ರಿಂಗಾದದ್ದು ತೇಜಸ್ವಿನಿಯ ಚೀಲದಲ್ಲಿದ್ದ ಫೋನು. ಅಮ್ಮ.

ಅವಳು ಎದ್ದು, ಗಾಳಿಯ ಸದ್ದು ಕೇಳಿಸದಿರಲೆಂದು ಮರಗಳ ಮರೆಗೆ ನಡೆದಳು. ದನಿಯಲ್ಲಿ ಗೆಲುವು ತಂದುಕೊಂಡಳು.

“ಹೇಳಮ್ಮ. ಈಗ ತಾನೇ ಆಫೀಸ್ ಕೆಲಸ ಮುಗಿಸಿ ಕೂತೆ. ಊಟ ಆಯ್ತಾ?”

ಆ ಕಡೆಯಿಂದ ಬಂದದ್ದು, ಎಂದೋ ಅತ್ತು ಮುಗಿಸಿದವಳ ದನಿ.

“ತೇಜೂ, ಯಾವ ಬೆನ್ನು ಯಾವ ಮಗಳದ್ದು ಅಂತ ಹೆತ್ತವಳಿಗೆ ಗೊತ್ತಾಗಲ್ವೇನೇ? ಸಾಕು, ನಿಮ್ಮ ಭಾವನಿಗೂ ಹೇಳು. ನಿನ್ನ ಅಕ್ಕ ತೀರಿಕೊಂಡಿದ್ದು ಯಾವತ್ತು ಅಂತ ಅಷ್ಟು ಹೇಳಿಬಿಡು, ವರ್ಷದ ದಿನ ಒಬ್ಬ ಮುತ್ತೈದೆನ ಕೂರಿಸಿ ಊಟ ಹಾಕ್ತೀನಿ.”